ನಕ್ಷತ್ರ ಬೀಳದ ಅಂಕಿ

ಅಣ್ಣನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್‌ನ ಸಾಲುಗಳ ಎದುರು ಯಾವತ್ತೂ ನಕ್ಷತ್ರದ ಗುರುತು ಬಿದ್ದದ್ದಿಲ್ಲ. ಉಡುಪಿಯ ಯಾವ ಲ್ಯಾಬಿಗೆ ಹೋದರೂ ಅಷ್ಟೇ. ಒಟ್ಟು ಕೊಲೆಸ್ಟ್ರಾಲ್ 92, ಟ್ರೈಗ್ಲಿಸರೈಡ್ 30, ಎಚ್‌ಡಿಎಲ್ 62, ಎಲ್‌ಡಿಎಲ್ 24. ಪಕ್ಕದ ಕಾಲಮ್ಮಿನಲ್ಲಿ ಎಲ್‌ಡಿಎಲ್ ನೂರಕ್ಕಿಂತ ಕಡಿಮೆ ಇರಬೇಕು ಎಂದು ಅಚ್ಚಾಗಿರುತ್ತದೆ. ಮೇಲಿನ ಮಿತಿ ಮಾತ್ರ, ಕೆಳಗಿನ ಮಿತಿ ಇಲ್ಲ. ಹಿಮೋಗ್ಲೋಬಿನ್ನಿಗೆ ಎರಡೂ ಕಡೆ ಗಡಿ ಇದೆ, ಸೋಡಿಯಮ್ಮಿಗೆ ಇದೆ, ಥೈರಾಯ್ಡಿಗೆ ಇದೆ. ಕೆಟ್ಟ ಕೊಲೆಸ್ಟ್ರಾಲ್ ಎಂದು ನಾವೆಲ್ಲ ಕರೆಯುವ ಇದಕ್ಕೆ ಮಾತ್ರ ಎಷ್ಟು ಕೆಳಗಿಳಿದರೂ ಕಂಪ್ಯೂಟರು ಎಚ್ಚರಿಸುವುದಿಲ್ಲ. ಹಾಗಾಗಿ ಅಣ್ಣ ವರ್ಷ ವರ್ಷ ಆ ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟ. ಅತ್ತಿಗೆಯ ತವರಿನಲ್ಲಿ ಇಬ್ಬರಿಗೆ ಬೈಪಾಸ್ ಆಗಿದೆ. ಅಲ್ಲಿಯವರು ಇವನ ಅಂಕಿ ನೋಡಿ ಪುಣ್ಯವಂತ ಎನ್ನುತ್ತಿದ್ದರು. ಆ ಮಾತಿನಲ್ಲಿ ಸತ್ಯವೂ ಇತ್ತು ಎಂದು ಈಗ ಗೊತ್ತಾಗಿದೆ. ಆದರೆ ಇಷ್ಟು ಕೆಳಗಿನ ಅಂಕಿ ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ ಎನ್ನುವುದು ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ.

ಕೇಳುವ ಸಂದರ್ಭ ಬಂದದ್ದು ಲಿವರಿನ ಕಡೆಯಿಂದ. ಹೊಟ್ಟೆಯ ಬಲಬದಿಯಲ್ಲಿ ಭಾರ ಎಂದು ಸ್ಕ್ಯಾನಿಂಗ್ ಮಾಡಿಸಿದಾಗ ಫ್ಯಾಟಿ ಲಿವರ್, ಗ್ರೇಡ್ ಎರಡು ಎಂದು ಬಂತು. ಅಣ್ಣ ಸಣಕಲು ಆಳು. ಶಿರ್ವದ ಕಡೆ ನಮ್ಮ ತೋಟ. ಬೆಳಗ್ಗೆ ಅಡಿಕೆ ಮರದ ಬುಡಕ್ಕೆ ಹೋದರೆ ಊಟದ ಹೊತ್ತಿಗೆ ಬರುವವ. ಶುಗರ್ ಇಲ್ಲ, ಹೊಟ್ಟೆ ಬಂದಿಲ್ಲ. ಅವನು ತೋರಿಸಿದ ವೈದ್ಯರು ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಕತ್ತೆತ್ತದೆ, "ಎಷ್ಟು ವರ್ಷದಿಂದ ಕುಡಿಯುತ್ತಿದ್ದೀರಿ?" ಎಂದರು. ಕುಡಿಯುವುದಿಲ್ಲ ಎಂದು ಅಣ್ಣ ಹೇಳಿದ. "ಎಲ್ಲರೂ ಹೀಗೇ ಹೇಳುವುದು" ಎಂದರು. ಅತ್ತಿಗೆ ತಡೆಯಲಾರದೆ, "ಡಾಕ್ಟ್ರೇ, ಮದುವೆಯಾದಂದಿನಿಂದ ಒಂದು ದಿನ ಇವರು ಕುಡಿದದ್ದು ನಾನು ನೋಡಿಲ್ಲ" ಎಂದರು. ಹೆಂಡತಿಗೆ ಗೊತ್ತಾಗದ ಹಾಗೆ ಕುಡಿಯುವವರೂ ಇರುತ್ತಾರೆ ಎಂಬ ಉತ್ತರ ಬಂತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಣ್ಣ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟು ನೆಲ ನೋಡುತ್ತಿದ್ದ. ಜೀವಮಾನದಲ್ಲಿ ಮುಟ್ಟದ ವಸ್ತುವಿನ ಹೆಸರಿನಲ್ಲಿ, ಹೆಂಡತಿ ಮತ್ತು ತಂಗಿಯ ಎದುರು, ಅವನು ಸುಳ್ಳನಾಗಬೇಕಾಯಿತು. ಆ ಅನ್ಯಾಯ ನನಗೆ ಇವತ್ತಿಗೂ ಹಸಿಯಾಗಿಯೇ ಇದೆ. ಊರಿನಲ್ಲೂ ಸುದ್ದಿ ಹಾಗೇ ಹಬ್ಬಿತು: ಪಾಪದವ ಅಂತ ತಿಳಿದಿದ್ದೆವು, ಒಳಗೊಳಗೆ ಹೀಗಂತೆ.

ಮಂಗಳೂರಿನಲ್ಲಿ ನಾವು ಆಮೇಲೆ ನೋಡಿದ ಫಿಸಿಷಿಯನ್ ಬೇರೆ ರೀತಿಯವರು. ಅಣ್ಣನ ಹಳೆಯ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ವರ್ಷದ ಪ್ರಕಾರ ಸಾಲಾಗಿ ಇಡಿಸಿಕೊಂಡರು. ಕೆಲವು ಹಾಳೆ ಹಳದಿಗಟ್ಟಿದ್ದವು, ಒಂದೆರಡರ ಅಕ್ಷರ ಮಾಸಿ ಬೆಳಕಿಗೆ ಹಿಡಿದು ಓದಬೇಕಿತ್ತು. ಎಲ್‌ಡಿಎಲ್‌ನ ಸಾಲಿಗೆ ಬೆರಳಿಟ್ಟು ಒಂದು ಹಾಳೆಯಿಂದ ಇನ್ನೊಂದಕ್ಕೆ ಹೋದರು. 27, 22, 25, 24. ಕೊನೆಗೆ, "ಇದು ನಿನ್ನೆ ಮೊನ್ನೆಯದ್ದಲ್ಲ. ಹುಟ್ಟಿನಿಂದಲೇ ಇರುವ ಹಾಗಿದೆ. ನಿಮ್ಮ ತಾಯಿಯ ರಿಪೋರ್ಟ್ ಯಾವುದಾದರೂ ಇದೆಯಾ?" ಎಂದು ಕೇಳಿದರು. ಲಿವರಿನ ಕೊಬ್ಬಿಗೂ ತೀರಿಹೋದ ಅಮ್ಮನ ರಕ್ತಕ್ಕೂ ಏನು ಸಂಬಂಧ ಎಂದು ನಮಗೆ ಹೊಳೆಯಲಿಲ್ಲ. ಮೊದಲು ಅವರು ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು. ಥೈರಾಯ್ಡ್ ಹೆಚ್ಚಾದರೆ ಕೊಲೆಸ್ಟ್ರಾಲ್ ಇಳಿಯುತ್ತದೆ. ಕರುಳು ಆಹಾರ ಹೀರದಿದ್ದರೆ, ಲಿವರ್ ತೀರ ಸೋತಿದ್ದರೆ, ದೀರ್ಘಕಾಲದ ಸೋಂಕು ಅಥವಾ ಕ್ಯಾನ್ಸರ್ ಇದ್ದರೆ, ಅನ್ನವಿಲ್ಲದೆ ಸೊರಗಿದರೆ ಕೂಡ ಇಳಿಯುತ್ತದೆ. ಹಿಂದೆ ಸರಿಯಿದ್ದ ಅಂಕಿ ಇದ್ದಕ್ಕಿದ್ದಂತೆ ಬಿದ್ದರೆ ಮೊದಲು ಹುಡುಕಬೇಕಾದದ್ದು ಇವನ್ನೇ. ಅಣ್ಣನಲ್ಲಿ ಇದ್ಯಾವುದೂ ಇರಲಿಲ್ಲ. ಆಮೇಲೆ ಅಪೊ-ಬಿ ಎಂಬ ಪರೀಕ್ಷೆ ಬರೆದುಕೊಟ್ಟರು. ಬಂದ ಅಂಕಿ 22. ಸಾಧಾರಣ ಜನರಲ್ಲಿ ಅದು ಅರವತ್ತರ ಮೇಲೆ ನೂರರ ಆಸುಪಾಸಿನಲ್ಲಿ ಇರುತ್ತದೆ.

ಕೊಬ್ಬು ಹೊರುವ ಪ್ರೋಟೀನು

ಆಗಿನಿಂದ ಓದಿ, ಕೇಳಿ, ವೈದ್ಯರನ್ನು ಪೀಡಿಸಿ ತಿಳಿದದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಹಾಗಾಗಿ ಕೊಬ್ಬು ರಕ್ತದಲ್ಲಿ ಸಾಗಬೇಕಾದರೆ ಅದಕ್ಕೆ ಹೊರುವ ಪ್ರೋಟೀನು ಬೇಕು. ಲಿವರಿನಿಂದ ಹೊರಡುವ ಕೊಬ್ಬಿನ ಕಣಕ್ಕೆ ಬೆನ್ನೆಲುಬಾಗಿ ನಿಲ್ಲುವುದು ಅಪೊ-ಬಿ. 4,536 ಅಮೈನೊ ಆಮ್ಲಗಳ ಭಾರೀ ಉದ್ದದ ಪ್ರೋಟೀನು ಅದು. ಒಂದು ಕಣಕ್ಕೆ ಒಂದೇ ಅಪೊ-ಬಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದ್ದರಿಂದ ಅಪೊ-ಬಿ ಅಳೆದರೆ ಕಣಗಳ ಲೆಕ್ಕವೇ ಸಿಕ್ಕ ಹಾಗೆ. ನಮ್ಮ ರಿಪೋರ್ಟುಗಳಲ್ಲಿ ಕಾಣುವ ಎಲ್‌ಡಿಎಲ್ ಬಹಳಷ್ಟು ಸಲ ಅಳೆದದ್ದೇ ಅಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದು ಬರುವ ಉಳಿಕೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ಅಂಕಿ 130 ಇರುವವರಿಗೆ ನಾಲ್ಕೈದು ಆಚೀಚೆಯಾದರೆ ಬಾಧಕವಿಲ್ಲ. 24 ಇರುವವರಿಗೆ ಅದೇ ನಾಲ್ಕೈದು ದೊಡ್ಡ ಪಾಲು. ನೇರವಾಗಿ ಪ್ರೋಟೀನನ್ನೇ ಅಳೆಯಬೇಕು ಎಂದು ಆ ಫಿಸಿಷಿಯನ್ ಹೇಳಿದ್ದು ಈ ಕಾರಣಕ್ಕೆ.

ಅಪೊ-ಬಿಯನ್ನು ಬರೆದಿಟ್ಟ ವಂಶವಾಹಿ ಎರಡನೇ ಕ್ರೋಮೋಸೋಮಿನಲ್ಲಿದೆ. ಬಹುಪಾಲು ವಂಶವಾಹಿಗಳಂತೆ ಇದರದ್ದೂ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಕೆಲವು ಕುಟುಂಬಗಳಲ್ಲಿ ಒಂದು ಪ್ರತಿಯಲ್ಲಿ ಎಲ್ಲೋ ನಡುವೆ ನಿಲ್ಲು ಎಂಬ ಸಂಕೇತ ಬಂದುಬಿಟ್ಟಿರುತ್ತದೆ. ಪ್ರೋಟೀನು ಅರ್ಧಂಬರ್ಧ ತಯಾರಾಗುತ್ತದೆ. ಎಷ್ಟು ಪಾಲು ತಯಾರಾಯಿತು ಎಂಬುದರ ಮೇಲೆ ಅದಕ್ಕೆ ಹೆಸರು: ಪೂರ್ಣ ಉದ್ದದ್ದು ಅಪೊ-ಬಿ 100, ನೂರರಲ್ಲಿ 31 ಪಾಲಿನದ್ದು ಅಪೊ-ಬಿ 31, ಹೀಗೆ. ಮಲ್ಪೆ ಬಂದರಿನಲ್ಲಿ ಮೀನಿನ ಬಾಕ್ಸು ತುಂಬುವ ಲಾರಿಯ ಹಿಂಬದಿಯನ್ನೇ ಕತ್ತರಿಸಿಬಿಟ್ಟರೆ ಏನಾದೀತು? ಲೋಡು ಕಡಿಮೆ ಹಿಡಿಯುತ್ತದೆ, ಉಳಿದ ಬಾಕ್ಸು ದಕ್ಕೆಯಲ್ಲೇ ಬೀಳುತ್ತದೆ. ಅಣ್ಣನ ರಕ್ತದಲ್ಲಿ ಕೊಬ್ಬು ಕಡಿಮೆ ಇದ್ದದ್ದಕ್ಕೂ ಲಿವರಿನಲ್ಲಿ ಕೊಬ್ಬು ಕೂಡಿದ್ದಕ್ಕೂ ಕಾರಣ ಇದೊಂದೇ. ಹೊರಗೆ ಹೋಗಬೇಕಾದ ಟ್ರೈಗ್ಲಿಸರೈಡ್ ಹೋಗಲಾರದೆ ಅಲ್ಲೇ ನಿಂತಿದೆ. ಅವನು ಕುಡಿದದ್ದರಿಂದ ಅಲ್ಲ. ಇದನ್ನು ವಿವರಿಸಿ ಕೇಳಿದ ದಿನ ಅತ್ತಿಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಅತ್ತುಬಿಟ್ಟರು.

ಒಂದು ಪ್ರತಿ ಕೆಟ್ಟಿದ್ದರೆ ಅರ್ಧದಷ್ಟಾದರೂ ಅಪೊ-ಬಿ ಇರಬೇಕಲ್ಲ ಎಂದು ಲೆಕ್ಕ ಗೊತ್ತಿದ್ದವರು ಕೇಳಬಹುದು, ನಾನೂ ಕೇಳಿದೆ. ಇಂಥ ಕುಟುಂಬಗಳಲ್ಲಿ ಅದು ಅರ್ಧಕ್ಕಿಂತ ಬಹಳ ಕೆಳಗೆ, ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಅಥವಾ ಇನ್ನೂ ಕೆಳಕ್ಕೆ ಇಳಿಯುತ್ತದೆ. ತುಂಡಾದ ಪ್ರೋಟೀನಿನ ಕಣಗಳು ಕಡಿಮೆ ತಯಾರಾಗುತ್ತವೆ. ಸರಿಯಾದ ಪ್ರತಿಯಿಂದ ಬರಬೇಕಾದದ್ದೂ ನಿರೀಕ್ಷೆಗಿಂತ ಕಡಿಮೆ ಬರುತ್ತದೆ. ಇನ್ನೊಂದು ಸಂಗತಿ ನನ್ನನ್ನು ತುಂಬ ಹಿಡಿದು ನಿಲ್ಲಿಸಿತು. ನಮ್ಮೆಲ್ಲರ ಕರುಳಿನಲ್ಲಿ ದೇಹವೇ ಈ ಪ್ರೋಟೀನನ್ನು ಬೇಕೆಂದೇ ನೂರರಲ್ಲಿ 48 ಪಾಲಿಗೆ ನಿಲ್ಲಿಸುತ್ತದೆ. ಅದೇ ವಂಶವಾಹಿ, ಅದೇ ಸಂದೇಶ, ಒಂದು ಅಕ್ಷರ ತಿದ್ದಿ ಅಲ್ಲಿಗೆ ಮುಗಿಸುತ್ತದೆ. ಊಟದ ಕೊಬ್ಬನ್ನು ಕರುಳಿನಿಂದ ಹೊರುವುದು ಆ ಅಪೊ-ಬಿ 48. ಆದ್ದರಿಂದ ಒಂದು ಕುಟುಂಬದ ತುಂಡು 48ರ ಆಚೆಗೆ ಇದ್ದರೆ ಕರುಳಿನ ಕೆಲಸ ಸಾಂಗವಾಗಿ ನಡೆಯುತ್ತದೆ. ಈಚೆಗೆ ಇದ್ದರೆ ಕರುಳಿಗೂ ಪೆಟ್ಟು. ಅಣ್ಣ ಚಿಕ್ಕಂದಿನಿಂದಲೂ ಮದುವೆಮನೆಯಲ್ಲಿ ಎಣ್ಣೆ ತೇಲುವ ಕೋಳಿಸುಕ್ಕದ ಹತ್ತಿರ ಹೋಗುತ್ತಿರಲಿಲ್ಲ, ತಿಂದರೆ ಮರುದಿನ ಹೊಟ್ಟೆ ನಿಲ್ಲುತ್ತಿರಲಿಲ್ಲ. ಎಲ್ಲರೂ ಅವನಿಗೆ ನಾಜೂಕು ಹೊಟ್ಟೆ ಎನ್ನುತ್ತಿದ್ದೆವು. ಜೆನೆಟಿಕ್ ಪರೀಕ್ಷೆಯ ಫಲಿತಾಂಶ ಬಂದಾಗ ಅವನ ತುಂಡು 48ರ ಈಚೆಗೇ ಇತ್ತು.

ಕಡಿಮೆಯಲ್ಲಿ ಹಲವು ಬಗೆ

ಹುಟ್ಟಿನಿಂದ ಕೊಲೆಸ್ಟ್ರಾಲ್ ಕಡಿಮೆ ಇರುವ ಕುಟುಂಬಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಲು ಬರುವುದಿಲ್ಲ. ನಮ್ಮ ಮನೆಯ ಬಗೆ ಒಂದು. ಇನ್ನೊಂದು ಬಗೆಯ ಕತೆ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರುವುದಕ್ಕೆ ಪಿಸಿಎಸ್‌ಕೆ9 ಎಂಬ ವಂಶವಾಹಿಯ ಬದಲಾವಣೆ ಕಾರಣ ಎಂದು ಗೊತ್ತಾಯಿತು. ಹಾಗಾದರೆ ಅದೇ ವಂಶವಾಹಿ ಕೆಲಸ ಮಾಡದೆ ಇದ್ದವರಲ್ಲಿ ಏನಾಗುತ್ತದೆ ಎಂದು ಹುಡುಕಿದವರು ಅಮೆರಿಕದ ಡಲ್ಲಾಸಿನ ಜೊನಾಥನ್ ಕೊಹೆನ್ ಮತ್ತು ಹೆಲೆನ್ ಹಾಬ್ಸ್. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇದು: ಆ ವಂಶವಾಹಿಯ ಒಂದು ಪ್ರತಿ ನಿಂತುಹೋದ ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಎಲ್‌ಡಿಎಲ್ ನೂರಕ್ಕೆ 28ರಷ್ಟು ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 88ರಷ್ಟು ಕಡಿಮೆ. ಎರಡೂ ಪ್ರತಿ ಕೆಲಸ ಮಾಡದ ಒಬ್ಬ ಮಹಿಳೆಯೂ ಸಿಕ್ಕಿದರು. ಅವರ ಎಲ್‌ಡಿಎಲ್ 14. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು, ಮಗುವನ್ನು ಹೆತ್ತವರು. ಆ ಕುಟುಂಬಗಳ ರಕ್ತವನ್ನು ಅನುಕರಿಸಿದ ಚುಚ್ಚುಮದ್ದುಗಳು 2015ಕ್ಕೆ ಬಂದವು. ಮಾಮೂಲಿಯಾಗಿ ಒಂದು ಮದ್ದು ಸುರಕ್ಷಿತವೇ ಎಂದು ತಿಳಿಯಲು ದಶಕಗಳು ಬೇಕು. ಇಲ್ಲಿ ಹುಟ್ಟಿನಿಂದಲೇ ಆ ಸ್ಥಿತಿಯಲ್ಲಿ ಬದುಕಿದವರು ಉತ್ತರವನ್ನು ಮೊದಲೇ ಮೈಯಲ್ಲಿ ಹೊತ್ತುಕೊಂಡಿದ್ದರು.

ಮೂರನೇ ಬಗೆಯಲ್ಲಿ ಎಲ್‌ಡಿಎಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಮೂರೂ ಇಳಿದಿರುತ್ತವೆ. ಎಎನ್‌ಜಿಪಿಟಿಎಲ್3 ಎಂಬ ವಂಶವಾಹಿಯದ್ದು. 2010ರಲ್ಲಿ ಒಂದು ಅಮೆರಿಕನ್ ಕುಟುಂಬದಲ್ಲಿ ಪತ್ತೆಯಾಯಿತು. ಇಟಲಿಯ ಕಾಂಪೊದಿಮೆಲೆ ಎಂಬ ಬೆಟ್ಟದೂರಿನ ಹಲವರಲ್ಲೂ ಇದೆ. ಅಣ್ಣನ ಎಚ್‌ಡಿಎಲ್ 62 ಇದ್ದದ್ದರಿಂದ ವೈದ್ಯರು ಆ ದಿಕ್ಕನ್ನು ಮೊದಲೇ ಬಿಟ್ಟಿದ್ದರಂತೆ. ಒಂದೇ ಹಾಳೆಯಲ್ಲಿರುವ ನಾಲ್ಕು ಅಂಕಿಗಳು ಒಂದಕ್ಕೊಂದು ಹೇಗಿವೆ ಎಂಬುದರಲ್ಲೇ ಇಷ್ಟು ಸುಳಿವು ಇರುತ್ತದೆ.

ಪಿಸಿಎಸ್‌ಕೆ9 ಕುಟುಂಬಗಳ ಲಿವರಿನಲ್ಲಿ ಕೊಬ್ಬು ಕೂಡುವುದಿಲ್ಲ. ಅಲ್ಲಿ ಕಣ ಹೊರಡುವುದರಲ್ಲಿ ತಡೆಯಿಲ್ಲ, ಹೊರಟ ಕಣವನ್ನು ಲಿವರ್ ಬೇಗ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೆ. ಅಪೊ-ಬಿ ಕುಟುಂಬಗಳಲ್ಲಿ ತಡೆ ಹೊರಡುವ ಜಾಗದಲ್ಲೇ. ಔಷಧ ಕಂಪೆನಿಗಳೂ ಇದೇ ಪಾಠವನ್ನು ಕಲಿತಿವೆ. ಹುಟ್ಟಿನಿಂದ ಕೊಲೆಸ್ಟ್ರಾಲ್ ವಿಪರೀತ ಏರಿದವರಿಗೆಂದು 2012 ಮತ್ತು 2013ರಲ್ಲಿ ಅಮೆರಿಕದಲ್ಲಿ ಎರಡು ಮದ್ದುಗಳಿಗೆ ಒಪ್ಪಿಗೆ ಸಿಕ್ಕಿತು. ಲೋಮಿಟಪೈಡ್ ಕೊಬ್ಬು ತುಂಬುವ ಕೆಲಸವನ್ನು ತಡೆಯುತ್ತದೆ, ಮಿಪೊಮರ್ಸೆನ್ ಅಪೊ-ಬಿಯ ಸಂದೇಶವನ್ನೇ ತಡೆಯುತ್ತದೆ. ಎರಡರಲ್ಲೂ ಕೊಲೆಸ್ಟ್ರಾಲ್ ಇಳಿಯಿತು, ಎರಡರಲ್ಲೂ ಲಿವರಿನಲ್ಲಿ ಕೊಬ್ಬು ಕೂಡಿತು. ಶಿರ್ವದ ತೋಟದಲ್ಲಿ ಮದ್ದು ಮುಟ್ಟದ ಮನುಷ್ಯನಿಗೆ ಆದದ್ದೂ ಅದೇ.

ಇಷ್ಟು ಕಡಿಮೆಯಾದರೆ ಮೆದುಳು ಕೆಡುವುದಿಲ್ಲವೇ ಎಂದು ಮನೆಯವರೆಲ್ಲ ಕೇಳಿದರು, ವಾಟ್ಸಾಪಿನಲ್ಲಿ ಅಂಥ ಮೆಸೇಜು ಸಾಕಷ್ಟು ಓಡುತ್ತವೆ. ಮೆದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ, ರಕ್ತದ ಎಲ್‌ಡಿಎಲ್ ಅದರೊಳಕ್ಕೆ ಹೋಗುವುದೇ ಇಲ್ಲ. ಗುಳಿಗೆಯಿಂದಲೋ ಚುಚ್ಚುಮದ್ದಿನಿಂದಲೋ ಎಲ್‌ಡಿಎಲ್ ಇಳಿಸಿಕೊಂಡವರು ನನ್ನ ಬರಹ ಓದಿ ಹೆದರಬೇಡಿ, ಮದ್ದು ನಿಲ್ಲಿಸಬೇಡಿ. 2017ರಲ್ಲಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಚುಚ್ಚುಮದ್ದು ತೆಗೆದುಕೊಂಡವರ ಎಲ್‌ಡಿಎಲ್ 30ರ ಹತ್ತಿರಕ್ಕೆ ಇಳಿದಿತ್ತು, ಹೃದಯಾಘಾತ ಕಡಿಮೆಯಾಗಿತ್ತು. ನಾನು ಹೇಳುತ್ತಿರುವುದು ಯಾವ ಮದ್ದೂ ಇಲ್ಲದೆ, ವರ್ಷಗಟ್ಟಲೆ, ಮನೆಯ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಕಾಣುವ ಕಡಿಮೆಯ ಬಗ್ಗೆ.

ಅಳಿಯಕಟ್ಟಿನ ಪಟ್ಟಿ

"ಮನೆಯವರೆಲ್ಲರ ರಿಪೋರ್ಟ್ ತನ್ನಿ" ಎಂದು ಫಿಸಿಷಿಯನ್ ಹೇಳಿದಾಗ ಸುಲಭವೆಂದು ಕಂಡಿತ್ತು. ನಮ್ಮದು ಅಳಿಯಕಟ್ಟಿನ ಮನೆತನ. ಕುಟುಂಬದ ಮನೆಯಲ್ಲಿ ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎಂಬ ಪಟ್ಟಿ ಐದಾರು ತಲೆಮಾರಿನಷ್ಟು ಹಿಂದಕ್ಕೆ ಇದೆ. ನಾಗ, ದೈವಗಳಿಗೆ ಕೊಡುವ ತಂಬಿಲದ ಸೇವೆಗೆ ವಂತಿಗೆ ಎತ್ತುವುದು ಅದೇ ಪಟ್ಟಿಯಲ್ಲಿ. ಅದನ್ನು ತಂದು ವೈದ್ಯರ ಮುಂದೆ ಬಿಡಿಸಿದೆ. ಅವರು ನೋಡಿ, "ನಿಮ್ಮ ಸೋದರಮಾವನ ಮಕ್ಕಳು ಎಲ್ಲಿ?" ಎಂದರು. ಇಲ್ಲ. ಇರುವುದೂ ಇಲ್ಲ. ಮಾವ ನಮ್ಮ ಕುಟುಂಬದವರು, ಅವರ ಮಕ್ಕಳು ಅವರ ತಾಯಿಯ ಬಳಿಗೆ, ಅಂದರೆ ತಾಯಿಯ ಕಡೆಯ ಕುಲಕ್ಕೆ, ಸೇರಿದವರು, ಆ ಕುಟುಂಬದ ಪಟ್ಟಿಯಲ್ಲಿರುತ್ತಾರೆ. ಹೆಣ್ಣಿನ ಕಡೆಯಿಂದ ಮಾತ್ರ ಹರಿಯುವ ಲೆಕ್ಕ ನಮ್ಮದು. ಅಪೊ-ಬಿ ವಂಶವಾಹಿಗೆ, ಅಳಿಯಕಟ್ಟನ್ನು ತಂದನೆಂದು ನಮ್ಮವರು ಹೇಳುವ ಭೂತಾಳಪಾಂಡ್ಯ ರಾಜನ ಕಟ್ಟು ಗೊತ್ತಿಲ್ಲ. ಅದು ಗಂಡಿನಿಂದಲೂ ಹೆಣ್ಣಿನಿಂದಲೂ ಸಮನಾಗಿ ಇಳಿಯುತ್ತದೆ, ಪ್ರತಿ ಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆ. ಅಣ್ಣನಿಗೆ ಬಂತು, ನನಗೆ ಬರಲಿಲ್ಲ. ನನ್ನ ಒಟ್ಟು ಕೊಲೆಸ್ಟ್ರಾಲ್ ಎಲ್ಲರಂತೆ ನೂರ ತೊಂಬತ್ತರ ಹತ್ತಿರ. ಮಾವನಿಗೆ ಇದ್ದರೆ ಅವರ ಮಕ್ಕಳಲ್ಲಿ ಹುಡುಕಬೇಕು. ಆ ಮಕ್ಕಳು ನಮ್ಮ ಯಾವ ಕಾಗದದಲ್ಲೂ ಇಲ್ಲ.

ಮಾವ ಎಂಬತ್ತು ದಾಟಿದವರು. ಚಿಕ್ಕ ಪ್ರಾಯದಲ್ಲಿ ಮುಂಬೈಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತ ಹೋಟೆಲು ನಡೆಸಿ, ಈಗ ಊರಿಗೆ ಬಂದು ಕೂತಿದ್ದಾರೆ. ಬೀಡಿ ಬಿಟ್ಟಿಲ್ಲ. ಸೊಂಟದ ಆಪರೇಶನ್ನಿಗೆ ಮುಂಚೆ ಹೃದಯದ ಪರೀಕ್ಷೆ ಎಲ್ಲ ಮಾಡಿದಾಗ ರಕ್ತನಾಳ ಹುಡುಗರದ್ದರಂತೆ ಇದೆ ಎಂದಿದ್ದರಂತೆ. ನಾಗರಪಂಚಮಿಗೆ ಎಲ್ಲರೂ ಕುಟುಂಬದ ನಾಗಬನಕ್ಕೆ ಬರುತ್ತಾರೆ, ಅಲ್ಲೇ ಕೇಳೋಣ ಎಂದುಕೊಂಡೆ. ತನು ಎರೆದು, ಸೀಯಾಳದ ರಾಶಿ ಮುಗಿದು, ಚಾವಡಿಯಲ್ಲಿ ಅರಿಶಿನ ಎಲೆಯ ಕಡುಬು ಬಡಿಸುವ ಹೊತ್ತು. ಮೊದಲೇ ಫೋನು ಮಾಡಿ ಹೇಳಿದ್ದರಿಂದ ಕೆಲವರು ರಿಪೋರ್ಟು ತಂದಿದ್ದರು. ಮಾವ ತಂದದ್ದು ಸೀರೆ ಅಂಗಡಿಯ ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಅದರೊಳಗೆ ಸುರುಳಿ ಸುತ್ತಿದ ಎಕ್ಸ್‌ರೇ, ರೇಶನ್ ಕಾರ್ಡಿನ ಜೆರಾಕ್ಸು, ಎಲ್‌ಐಸಿ ರಸೀದಿ, ಅವೆಲ್ಲದರ ನಡುವೆ ನಾಲ್ಕು ಮಡಿಕೆಯ ಒಂದು ಲಿಪಿಡ್ ಪ್ರೊಫೈಲ್. ಮಡಿಕೆಯ ಮೇಲೆ ಅಂಕಿ ಒಡೆದಿತ್ತು. ಕನ್ನಡಕ ಹಾಕಿಕೊಂಡು ಬಿಡಿಸಿ ಓದಿದೆ. ಒಟ್ಟು 98. ಎಲ್‌ಡಿಎಲ್ 29. "ಮಾವ, ನಿಮಗೂ ಇದೆ" ಎಂದೆ. "ಇದ್ದರೆ ಇರಲಿ ಮಗಾ, ಎಂಬತ್ತು ವರ್ಷ ಅದರ ಜೊತೆಯೇ ಬದುಕಿದ್ದೇನಲ್ಲ" ಎಂದು ಅವರು ಕಡುಬಿನ ಎಲೆ ಬಿಡಿಸತೊಡಗಿದರು.

ಚಿಕ್ಕಮ್ಮ ಮಾತ್ರ ನನ್ನನ್ನು ಅಡಿಗೆಮನೆಯ ಹಿಂಬದಿಗೆ ಕರೆದುಕೊಂಡು ಹೋದರು. "ನೀನು ಓದಿದವಳು, ಒಳ್ಳೆಯದಕ್ಕೇ ಮಾಡುತ್ತಿದ್ದಿ. ಆದರೆ ಹತ್ತು ಜನರ ಮಧ್ಯೆ ನಮ್ಮ ರಕ್ತದಲ್ಲಿ ಏನೋ ಇದೆ ಅಂತ ಹೇಳಬೇಡ. ಹೆಣ್ಣುಮಕ್ಕಳಿಗೆ ಸಂಬಂಧ ಬರುವುದು ನಿಂತುಹೋದರೆ ನೀನು ಬಂದು ಕೂಡಿಸಿಕೊಡುತ್ತೀಯಾ?" ಎಂದರು. ಅವರ ಹೆದರಿಕೆ ಸುಳ್ಳಲ್ಲ. ನಮ್ಮ ಕಡೆ ಒಂದು ಮನೆಯ ಬಗ್ಗೆ ಮಾತು ಎದ್ದರೆ ಅದು ಹುಡುಗಿಯರ ಮೇಲೆಯೇ ಬೀಳುತ್ತದೆ, ಗಂಡುಮಕ್ಕಳು ಪಾರಾಗುತ್ತಾರೆ. ಹೃದಯಕ್ಕೆ ಒಳ್ಳೆಯದನ್ನೇ ಮಾಡುವ ಒಂದು ಗುಣವನ್ನು ರೋಗದ ಹೆಸರಿನಲ್ಲಿ ಹೊರಿಸಿ ಯಾರನ್ನೂ ಕುಗ್ಗಿಸುವುದು ನನಗೂ ಬೇಡ. ಆದರೆ ನಾನು ಈ ಮಾತು ಎತ್ತಿದ್ದೇ ಒಂದು ಸಂಬಂಧದ ಕಾರಣಕ್ಕೆ.

ಎರಡೂ ಕಡೆಯಿಂದ ಬಂದರೆ

ಅಣ್ಣನ ಮಗನಿಗೆ ಮಾವನ ಮಗನ ಮಗಳನ್ನು ಕೇಳುವ ಮಾತು ಮನೆಯಲ್ಲಿ ನಡೆದಿತ್ತು. ಬಳಿ ಬೇರೆ, ವರಸೆ ಕೂಡುತ್ತದೆ, ಇಬ್ಬರಿಗೂ ಮನಸ್ಸಿತ್ತು. ಸೋದರ ಸಂಬಂಧ ನಮ್ಮಲ್ಲಿ ಹೊಸತಲ್ಲ, ಬಳಿ ಬೇರೆಯಾದರೆ ರಕ್ತವೂ ಬೇರೆ ಎಂದೇ ಹಿರಿಯರು ತಿಳಿದಿದ್ದರು. ಅಪೊ-ಬಿಯ ಲೆಕ್ಕದಲ್ಲಿ ಅಮ್ಮ ಮತ್ತು ಮಾವ ಒಡಹುಟ್ಟಿದವರು. ಅಮ್ಮನಿಂದ ಅಣ್ಣನಿಗೆ, ಅಣ್ಣನಿಂದ ಅವನ ಮಗನಿಗೆ ಒಂದು ದಾರಿ. ಮಾವನಿಂದ ಅವರ ಮಗನಿಗೆ, ಅವನಿಂದ ಆ ಹುಡುಗಿಗೆ ಇನ್ನೊಂದು ದಾರಿ. ಇಬ್ಬರಿಗೂ ಅದೇ ತುಂಡು ಇಳಿದು ಬಂದಿದ್ದರೆ ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ.

ಒಂದು ಪ್ರತಿ ಮತ್ತು ಎರಡು ಪ್ರತಿಯ ನಡುವಿನ ಅಂತರ ದೊಡ್ಡದು. ಒಂದಿದ್ದವರು ಮಾವನ ಹಾಗೆ ಎಂಬತ್ತು ದಾಟಬಹುದು. ಎರಡೂ ಕೆಟ್ಟ ಮಗುವಿಗೆ ಕೊಬ್ಬನ್ನು ಹೊರುವ ದಾರಿಯೇ ಇಲ್ಲದಂತಾಗುತ್ತದೆ. ಹುಟ್ಟಿದಾಗ ಚೆನ್ನಾಗಿರುವ ಮಗು ಹಾಲು ಕುಡಿಯತೊಡಗಿದ ಮೇಲೆ ಭೇದಿ, ಜಿಡ್ಡಿನ ಮಲ, ತೂಕ ಏರದಿರುವುದು. ಕೊಬ್ಬಿನ ಜೊತೆಯಲ್ಲೇ ಸಾಗಬೇಕಾದ ವಿಟಮಿನ್ ಎ, ಇ, ಕೆ ಮೈಗೆ ತಲುಪುವುದಿಲ್ಲ. ಕೆಂಪು ರಕ್ತಕಣಗಳ ಮೈಮೇಲೆ ಮುಳ್ಳು ಮುಳ್ಳಾಗಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಹಾಗೇ ಬಿಟ್ಟರೆ ವರ್ಷಗಳು ಕಳೆದಂತೆ ನಡಿಗೆ ತಪ್ಪುತ್ತದೆ, ಕತ್ತಲಲ್ಲಿ ಕಣ್ಣು ಕಾಣದಾಗಿ ಆಮೇಲೆ ದೃಷ್ಟಿಯೇ ಹೋಗುತ್ತದೆ. ಬೇಗ ಗುರುತಿಸಿ ಕೊಬ್ಬು ಕಡಿಮೆಯ ಆಹಾರ ಕೊಟ್ಟು, ವಿಟಮಿನ್ ಇಯನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟರೆ ಈ ಹಾನಿಯನ್ನು ಬಹಳ ಮಟ್ಟಿಗೆ ತಡೆಯಬಹುದು. ಇದನ್ನೇ ಹೋಲುವ ಇನ್ನೊಂದು ಕಾಯಿಲೆಯನ್ನು 1950ರಲ್ಲಿ ನ್ಯೂಯಾರ್ಕಿನ ಬಾಸನ್ ಮತ್ತು ಕಾರ್ನ್‌ಜ್ವೈಗ್ ಎಂಬ ವೈದ್ಯರು 18 ವರ್ಷದ ಹುಡುಗಿಯೊಬ್ಬಳಲ್ಲಿ ಗುರುತಿಸಿದ್ದರು. ಅಲ್ಲಿ ಕೆಡುವುದು ಅಪೊ-ಬಿ ಅಲ್ಲ, ಅದಕ್ಕೆ ಕೊಬ್ಬು ತುಂಬುವ ಎಂಟಿಪಿ ಎಂಬ ಬೇರೆ ಪ್ರೋಟೀನು. ಮಕ್ಕಳನ್ನು ನೋಡಿದರೆ ಎರಡೂ ಒಂದೇ ತರ. ಬೇರ್ಪಡಿಸಬೇಕಾದರೆ ತಂದೆತಾಯಿಯ ಕೊಲೆಸ್ಟ್ರಾಲ್ ನೋಡಬೇಕು. ಎಂಟಿಪಿಯ ಕಾಯಿಲೆಯಲ್ಲಿ ತಂದೆತಾಯಿಯ ಅಂಕಿ ಎಲ್ಲರಂತೆ ಇರುತ್ತದೆ, ಮುಂಚಿತವಾಗಿ ಗೊತ್ತಾಗುವ ದಾರಿ ಕಷ್ಟ. ನಮ್ಮ ಬಗೆಯಲ್ಲಿ ಇಬ್ಬರದ್ದೂ ಕಡಿಮೆ ಇರುತ್ತದೆ. ಒಂದೇ ಪ್ರತಿ ಕೆಟ್ಟವರೂ ಸಾದಾ ರಕ್ತಪರೀಕ್ಷೆಯಲ್ಲಿ ಕಣ್ಣಿಗೆ ಬೀಳುತ್ತಾರೆ. ಕೆಲವು ನೂರು ರೂಪಾಯಿಯ ಲಿಪಿಡ್ ಪ್ರೊಫೈಲ್ ಮಾಡಿಸಿದರೆ ಯಾರನ್ನು ಮುಂದೆ ಪರೀಕ್ಷಿಸಬೇಕು ಎಂದು ಗೊತ್ತಾಗುತ್ತದೆ. ಇಷ್ಟು ಸುಲಭದ ಸುಳಿವು ಇರುವಾಗ ಮಾತು ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

ಇದನ್ನೆಲ್ಲ ಚಿಕ್ಕಮ್ಮನಿಗೆ ಅಡಿಗೆಮನೆಯ ಹಿಂದೆ ನಿಂತೇ ಹೇಳಿದೆ. ಅವರು ಸುಮ್ಮನೆ ಕೇಳಿ, "ಹಿಂದೆ ಎಷ್ಟೋ ಮನೆಯಲ್ಲಿ ಭೇದಿಯಾಗಿ ಮಕ್ಕಳು ಹೋಗಿದ್ದಾವೆ. ನನ್ನ ದೊಡ್ಡಮ್ಮನದ್ದೇ ಎರಡು ಹೋಯಿತು, ಅವರದ್ದೂ ಸೋದರ ಸಂಬಂಧವೇ. ಅದಕ್ಕೂ ಇದನ್ನೇ ಕಾರಣ ಅನ್ನುತ್ತೀಯಾ?" ಎಂದರು. ಅನ್ನುವುದಿಲ್ಲ ಎಂದೆ. ಆ ಕಾಲದಲ್ಲಿ ಭೇದಿಗೆ ಕೆಟ್ಟ ನೀರೊಂದೇ ಸಾಕಿತ್ತು. ತೀರಿಹೋದ ಕೂಸುಗಳ ಮೇಲೆ ಈಗ ಹೊಸ ಹೆಸರು ಅಂಟಿಸುವ ಹಕ್ಕು ನನಗಿಲ್ಲ. ಆ ಉತ್ತರ ಅವರಿಗೆ ಒಪ್ಪಿಗೆಯಾಯಿತು ಅಂತ ಕಾಣುತ್ತದೆ. "ಹಾಗಾದರೆ ಮೊದಲು ಹುಡುಗ ಹುಡುಗಿಗೆ ಮಾತ್ರ ಹೇಳು. ಅವರು ಓದಿದವರು, ಅರ್ಥವಾಗುತ್ತದೆ. ಉಳಿದವರಿಗೆ ನಾನು ಹೇಳುತ್ತೇನೆ, ಹೇಳುವ ರೀತಿಯಲ್ಲಿ" ಎಂದರು. ಆಮೇಲೆ ಮನೆಮನೆಗೆ ಈ ಮಾತು ತಲುಪಿಸಿದವರು ಅವರೇ. ಲಿವರಿಗೆ ಸ್ಕ್ಯಾನಿಂಗ್ ಮಾಡಿಸಿ, ಕುಡಿತ ಇದ್ದರೆ ಬಿಡಿ, ತೂಕ ಏರಿಸಿಕೊಳ್ಳಬೇಡಿ, ವಿಟಮಿನ್ ಇ ಪರೀಕ್ಷೆ ಮಾಡಿಸಿ ಎಂದು ನಾನು ಬರೆದುಕೊಟ್ಟ ಚೀಟಿಯನ್ನು ಫೋಟೊ ತೆಗೆಸಿ ಎಲ್ಲರಿಗೂ ಕಳಿಸಿದರು. ರಕ್ತದ ವಿಟಮಿನ್ ಇ ಇಂಥವರಲ್ಲಿ ಕಡಿಮೆಯೇ ಕಾಣುತ್ತದೆ. ಅದು ಸಾಗುವುದೇ ಆ ಕಣಗಳಲ್ಲಿ, ಕಣವೇ ಕಡಿಮೆ. ಹಾಗಾಗಿ ಅಂಕಿ ನೋಡಿ ತಾವೇ ಗುಳಿಗೆ ನುಂಗದೆ ವೈದ್ಯರಿಗೆ ಕೊಬ್ಬಿನ ಅಂಕಿಯ ಜೊತೆಗಿಟ್ಟು ತೋರಿಸಬೇಕು ಎಂಬುದನ್ನೂ ಚೀಟಿಯಲ್ಲಿ ಸೇರಿಸಿದ್ದೆ.

ಅಣ್ಣನ ಮಗನ ಎಲ್‌ಡಿಎಲ್ 31 ಬಂತು. ಮಾವನ ಮಗನದ್ದೂ ಕಡಿಮೆ. ಹುಡುಗಿಯದ್ದು 104, ಅಪೊ-ಬಿಯೂ ಎಲ್ಲರಂತೆ. ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗದವರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ ಕೂತು ಮಾತಾಡಿ ಬಂದರು. ಆ ವಂಶವಾಹಿಯ ಪರೀಕ್ಷೆಯಲ್ಲೂ ಅವಳಿಗೆ ಇಳಿದಿಲ್ಲ ಎಂದೇ ಆಯಿತು. ಅಣ್ಣ ಈಗ ಆರು ತಿಂಗಳಿಗೊಮ್ಮೆ ಲಿವರ್ ತೋರಿಸಿಕೊಂಡು ಬರುತ್ತಾನೆ. ಫಿಸಿಷಿಯನ್ ಬರೆದುಕೊಟ್ಟ ಕಾಗದದಲ್ಲಿ ಮೊದಲ ಸಾಲಿನಲ್ಲೇ ಮದ್ಯಪಾನ ಇಲ್ಲ ಎಂದು ಇದೆ. ಯಾವ ಆಸ್ಪತ್ರೆಗೆ ಹೋದರೂ ಅತ್ತಿಗೆ ಅದನ್ನೇ ಮೊದಲು ತೆಗೆದು ಮೇಜಿನ ಮೇಲಿಡುತ್ತಾರೆ.

ಮೊನ್ನೆ ಮುಂಬೈಯಿಂದ ಮಾವನ ಮಗಳು ಫೋನು ಮಾಡಿದ್ದಳು. ಅವಳದ್ದೂ ಎಲ್‌ಡಿಎಲ್ 33, ಅವಳ ದೊಡ್ಡ ಮಗಳದ್ದೂ ಹಾಗೇ. ಆ ಮಗಳಿಗೆ ಪುಣೆಯ ಕಡೆಯ ಮರಾಠಿ ಹುಡುಗನ ಜೊತೆ ಮಾತುಕತೆ ಆಗಿದೆ. "ನಮ್ಮವರಲ್ಲ, ಸಂಬಂಧವೂ ಇಲ್ಲ. ಅವರ ಮನೆಯವರಿಗೆ ಏನು ಹೇಳಲಿ?" ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದೆ. ಹುಡುಗನದ್ದೊಂದು ಲಿಪಿಡ್ ಪ್ರೊಫೈಲ್ ನೋಡಲಿ, ಎಲ್‌ಡಿಎಲ್ ಎಲ್ಲರಂತೆ ಇದ್ದರೆ ಅಲ್ಲಿಗೆ ಹೆದರಿಕೆಯ ಮಾತು ಮುಗಿಯಿತು. ಮಕ್ಕಳಲ್ಲಿ ಎರಡರಲ್ಲಿ ಒಂದು ಪಾಲು ಅವಳ ಹಾಗೆಯೇ ಆಗಬಹುದು, ಆದರೆ ಆ ಭಾರೀ ಕಾಯಿಲೆ ಬರಲು ಎರಡೂ ಕಡೆಯಿಂದ ಬರಬೇಕು. ಅವನದ್ದೂ ಕಡಿಮೆ ಇದ್ದರೆ ಮಾತ್ರ ಇಬ್ಬರೂ ಮದುವೆಗೆ ಮುಂಚೆ ಜೆನೆಟಿಕ್ಸ್ ವೈದ್ಯರನ್ನು ನೋಡಲಿ. ಮತ್ತೆ, ನಿನ್ನ ಚಿಕ್ಕ ಮಗಳಿಗೆ ಇನ್ನೂ ಮಾಡಿಸಿಲ್ಲ ಅಲ್ಲ, ಅವಳದ್ದನ್ನೂ ಮಾಡಿಸು ಎಂದೆ. ಶನಿವಾರ ಮಾಡಿಸುತ್ತೇನೆ ಎಂದಿದ್ದಾಳೆ.